ನೀರಕ್ಕ ಕೇಳಿದ ಕಾಗದ

ಆ ಪುರಸಭೆಯಲ್ಲಿ ನೀರು ಬಿಡುವ ಕೆಲಸಕ್ಕೆ ಹೆಂಗಸೊಬ್ಬಳು ಬಂದದ್ದು ಅದೇ ಮೊದಲು. ಅವಳ ಗಂಡ ಹದಿನೆಂಟು ವರ್ಷ ನೀರಗಂಟಿಯಾಗಿದ್ದ. ಬೆಳಗಾಗುವ ಮೊದಲೇ ಎದ್ದು, ಕಬ್ಬಿಣದ ಕೋಲನ್ನು ಹೆಗಲಿಗೇರಿಸಿ, ಬೀದಿ ಬೀದಿಯ ಗುಂಡಿಗಳ ಮುಚ್ಚಳ ಎತ್ತಿ ವಾಲ್ವ್ ತಿರುಗಿಸುತ್ತಿದ್ದವನು ಒಂದೇ ವಾರದ ಜ್ವರದಲ್ಲಿ ಹೋಗಿಬಿಟ್ಟ. ಅನುಕಂಪದ ಮೇಲೆ ಹೆಂಡತಿಗೊಂದು ಕೆಲಸ ಕೊಡಬೇಕೆಂದು ಕಡತ ಎದ್ದಾಗ, ಕಚೇರಿ ಗುಡಿಸುವುದೋ ಫೈಲು ಹೊರುವುದೋ ಏನಾದರೊಂದು ಕೊಟ್ಟರಾಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಗಂಡನ ಕೆಲಸವನ್ನೇ ಕೇಳಿದಳು. ಎಂಜಿನಿಯರ್ ಅವಳ ಮಣಿಕಟ್ಟನ್ನೊಮ್ಮೆ ನೋಡಿ, ಇದು ಗಂಡಸರಿಗೇ ಬೆವರಿಳಿಸುವ ಕೆಲಸ ಎಂದರು. ಬೆವರು ತನಗೂ ಬರುತ್ತದೆ ಎಂದು ಅವಳು ತಣ್ಣಗೆ ಹೇಳಿದಳು.

ಮೊದಲ ದಿನ ಮಾರುಕಟ್ಟೆ ಹಿಂದಿನ ವಾಲ್ವ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊಡ ಹಿಡಿದು ನಿಂತ ಹೆಂಗಸರು ನೋಡುತ್ತಲೇ ಇದ್ದರು. ಅಂಗೈ ಸುಲಿದು ಅಳು ಬರುವ ಹೊತ್ತಿಗೆ, ಒಬ್ಬ ಮುದುಕಿ ಕೊಡ ಕೆಳಗಿಟ್ಟು ಬಂದು ಕೋಲಿಗೆ ತಾನೂ ಕೈ ಹಾಕಿದಳು. ಇಬ್ಬರ ಭಾರಕ್ಕೆ ವಾಲ್ವ್ ಕಿರ್ ಎಂದು ತಿರುಗಿತು. ಆ ಸಂಜೆಯೇ ಅವಳು ಕಮ್ಮಾರನ ಹತ್ತಿರ ಹೋಗಿ ಕೋಲಿನ ಹಿಡಿಯನ್ನು ಒಂದು ಮೊಳ ಉದ್ದ ಮಾಡಿಸಿಕೊಂಡಳು. ವಾರಕ್ಕೊಮ್ಮೆ ಊರಿನ ಆರೂ ವಾಲ್ವ್‌ಗಳಿಗೆ ಎಣ್ಣೆ ಬಿಟ್ಟು ಪಳಗಿಸಿದಳು. ಆರು ತಿಂಗಳಲ್ಲಿ ಊರಿಗೆ ಅವಳ ನಿಜವಾದ ಹೆಸರು ಮರೆತೇ ಹೋಯಿತು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಬಾಯಲ್ಲೂ ಅವಳು ನೀರಕ್ಕ.

ಊರು ಇಳಿಜಾರಿನಲ್ಲಿತ್ತು. ತುದಿಯಲ್ಲಿ ಟ್ಯಾಂಕು, ಅದರ ಕೆಳಗೆ ಮೇಲುಬೀದಿ, ನಡುವೆ ಮಾರುಕಟ್ಟೆ, ತಗ್ಗಿನಲ್ಲಿ ಕೆಳಬೀದಿ. ಮೇಲುಬೀದಿಯವರದು ಒಂದು ಮತ, ಕೆಳಬೀದಿಯವರದು ಇನ್ನೊಂದು. ಎರಡೂ ಕಡೆ ಒಂದೊಂದು ಪ್ರಾರ್ಥನಾ ಮಂದಿರ. ಮೇಲಿನದು ದೊಡ್ಡದು, ಕೆಳಗಿನದು ಚಿಕ್ಕದು. ಜಗಳವೇನೂ ಇರಲಿಲ್ಲ. ಅಂಗಡಿಯಲ್ಲಿ ಒಟ್ಟಿಗೆ ನಿಲ್ಲುತ್ತಿದ್ದರು, ಒಬ್ಬರ ಕಷ್ಟ ಒಬ್ಬರು ವಿಚಾರಿಸುತ್ತಿದ್ದರು, ಮದುವೆ ಸಾವು ಮಾತ್ರ ತಮ್ಮ ತಮ್ಮಲ್ಲೇ. ನೀರು ಎರಡು ಬೀದಿಗೂ ಒಂದೊಂದು ಗಂಟೆ.

ನೀರಕ್ಕನ ಮನೆ ಇದ್ದದ್ದು ಮೇಲುಬೀದಿಯಲ್ಲಿ, ನಾದಿನಿಯ ಮನೆಗೆ ಗೋಡೆಗೆ ಗೋಡೆ ಅಂಟಿಕೊಂಡು. ಮನೆಯವಳೇ ನೀರು ಬಿಡುವಾಗ ಎರಡು ಕೊಡ ಹೆಚ್ಚು ಸಿಗದಿದ್ದರೆ ಏನು ಸುಖ ಎಂಬುದು ನಾದಿನಿಯ ಬಹುದಿನದ ಅಳಲು. ಒಮ್ಮೆ ಹೊದಿಕೆಗಳನ್ನೆಲ್ಲ ನೆನೆಸಿಟ್ಟು, ಇನ್ನು ಹತ್ತೇ ನಿಮಿಷ ಬಿಡು ಅತ್ತಿಗೆ ಎಂದು ದುಂಬಾಲು ಬಿದ್ದಳು. ನಿನ್ನ ಹೊದಿಕೆಗೆ ಬೇರೆ ಪುರಸಭೆ ಕಟ್ಟಿಸಿಕೋ ಎಂದು ಹೇಳಿ ನೀರಕ್ಕ ಕೋಲು ಹೊತ್ತು ನಡೆದಳು. ನಾದಿನಿ ಆ ಮಾತನ್ನು ನಗುತ್ತಲೇ ಊರೆಲ್ಲ ಹೇಳಿಕೊಂಡು ತಿರುಗಿದಳು.

ಕೆಲಸದಲ್ಲಿ ಇಷ್ಟು ಬಿಗಿಯಾದವಳು ದೇವರ ಮುಂದೆ ಬೆಣ್ಣೆ. ಗಂಡ ಸತ್ತಾಗ ಮಂದಿರದ ಗುರುಗಳು ಮೂರು ದಿನ ಅವಳ ಮನೆಯ ಜಗಲಿಯಲ್ಲಿ ಬಂದು ಕೂತಿದ್ದರು. ಉಪದೇಶ ಗಿಪದೇಶ ಏನಿಲ್ಲ, ಸುಮ್ಮನೆ ಕೂತಿದ್ದರು. ಅವಳು ಅತ್ತಾಗ ಅಳಲು ಬಿಟ್ಟರು. ಆವತ್ತಿನಿಂದ ಅವಳು ಮಂದಿರದ ಅಂಗಳ ಗುಡಿಸುವ ಸೇವೆ ಹಿಡಿದಿದ್ದಳು. ಬೆಳಗಿನ ನೀರು ಬಿಟ್ಟು ಮುಗಿಸಿ, ಕೋಲನ್ನು ಗೇಟಿನ ಹೊರಗೆ ಒರಗಿಸಿ, ಪೊರಕೆ ಹಿಡಿದು ಅಷ್ಟಗಲದ ಅಂಗಳವನ್ನು ಗುಡಿಸುವಾಗ ಅವಳಿಗೆ ಸಿಗುತ್ತಿದ್ದ ನೆಮ್ಮದಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಅವಳ ದನಿ ಎಲ್ಲರಿಗಿಂತ ಜೋರು, ರಾಗ ಎಲ್ಲರಿಗಿಂತ ಹಿಂದೆ. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷದ ಬೇಸಿಗೆ ಕೆಟ್ಟದಾಗಿತ್ತು. ಟ್ಯಾಂಕು ಅರ್ಧಕ್ಕಿಂತ ಮೇಲೆ ತುಂಬುತ್ತಿರಲಿಲ್ಲ. ಗಂಟೆಯ ಪಾಳಿಯನ್ನು ನಲವತ್ತು ನಿಮಿಷಕ್ಕೆ ಇಳಿಸಿ ಪುರಸಭೆ ಆದೇಶ ಹೊರಡಿಸಿತು. ಅದೇ ಹೊತ್ತಿಗೆ ಮೇಲುಬೀದಿಯ ಮಂದಿರದಲ್ಲಿ ಮಳೆಗಾಗಿ ಸಾಮೂಹಿಕ ಪ್ರಾರ್ಥನೆ ಇಟ್ಟರು. ದಿನಾ ಬೆಳಿಗ್ಗೆ ಮುನ್ನೂರು ನಾನೂರು ಜನ. ಒಳಗೆ ಹೋಗುವವರು ಕೈಕಾಲು ತೊಳೆಯಲೆಂದು ಬಾಗಿಲಲ್ಲಿ ಹೊಸದಾಗಿ ತೊಟ್ಟಿ ಕಟ್ಟಿಸಿದ್ದರು. ಕಟ್ಟಿಸಿದವರು ಅಧ್ಯಕ್ಷರು. ಪುರಸಭೆಗೂ ಅವರೇ ಅಧ್ಯಕ್ಷರು, ಮಂದಿರದ ಸಮಿತಿಗೂ ಅವರೇ ಹಿರಿಯರು. ಕೆಟ್ಟವರೇನಲ್ಲ. ನೀರಕ್ಕನ ಕಡತಕ್ಕೆ ಸಹಿ ಹಾಕಿ, ಹೆಂಗಸಾದರೇನು ಕೊಟ್ಟು ನೋಡೋಣ ಎಂದವರೂ ಅವರೇ. ಕಚೇರಿಯಲ್ಲಿ ಅವಳು ಅವರನ್ನು ಸಾರ್ ಎನ್ನುತ್ತಿದ್ದಳು, ಮಂದಿರದಲ್ಲಿ ಅಣ್ಣಾ.

ಪ್ರಾರ್ಥನೆ ಶುರುವಾದ ಎರಡನೇ ದಿನ, ಅಂಗಳ ಗುಡಿಸುತ್ತಿದ್ದವಳನ್ನು ಅಧ್ಯಕ್ಷರು ಸಮಿತಿಯ ಕೋಣೆಗೆ ಕರೆಸಿದರು. ತೊಟ್ಟಿ ತುಂಬುತ್ತಿಲ್ಲ, ಜನ ಧೂಳುಗಾಲಲ್ಲೇ ಒಳಗೆ ಬರುತ್ತಿದ್ದಾರೆ, ಮೇಲುಬೀದಿಗೆ ಇನ್ನಿಪ್ಪತ್ತು ನಿಮಿಷ ನೀರು ಬೇಕು ಎಂದರು. ಟ್ಯಾಂಕಿನಲ್ಲಿ ಅಷ್ಟಿಲ್ಲ ಎಂದಳು ನೀರಕ್ಕ. ಕೆಳಬೀದಿಯ ಪಾಲಿನಲ್ಲಿ ಮುರಿದುಕೋ ಎಂದರು ಅವರು. ಏನೋ ನಾಲ್ಕು ದಿನದ ಮಾತು, ಮಳೆ ಬಂದರೆ ಅವರ ಮನೆ ಮೇಲೂ ಬರುತ್ತದೆ ತಾನೇ ಎಂದು ನಕ್ಕರು. ಸುತ್ತ ಕೂತ ಸಮಿತಿಯವರೂ ನಕ್ಕರು. ಕೈಯಲ್ಲಿ ಪೊರಕೆ ಹಿಡಿದುಕೊಂಡೇ ನೀರಕ್ಕ ಆಗಲಿ ಅಣ್ಣಾ ಎಂದುಬಿಟ್ಟಳು.

ಹಾಗೆಯೇ ಮಾಡಿದಳು ಕೂಡ. ಮೂರು ದಿನ ಮೇಲುಬೀದಿಗೆ ಅರವತ್ತು ನಿಮಿಷ, ಕೆಳಬೀದಿಗೆ ಇಪ್ಪತ್ತೇ ನಿಮಿಷ. ಮಂದಿರದ ತೊಟ್ಟಿ ತುಂಬಿ ತುಳುಕಿ, ಮೆಟ್ಟಿಲ ಮೇಲೆ ಹರಿದು ರಸ್ತೆ ಸೇರಿತು. ಕೆಳಬೀದಿಯ ಹೆಂಗಸರು ಅರ್ಧ ತುಂಬಿದ ಕೊಡ ಹಿಡಿದು ಏನಾಯಿತು ನೀರಕ್ಕ ಎಂದು ಕೇಳಿದರೆ, ಮೋಟರು ಕೆಟ್ಟಿದೆ ಎಂದಳು. ಸುಳ್ಳು ಸಲೀಸಾಗಿ ಬಂತು.

ಮೂರನೇ ದಿನ ಗುಂಡಿಯ ಮುಚ್ಚಳ ಹಾಕಿ ಏಳುವಷ್ಟರಲ್ಲಿ ಎದುರಿಗೆ ನರ್ಸಮ್ಮ ನಿಂತಿದ್ದಳು. ಸರ್ಕಾರಿ ಹೆರಿಗೆ ಮನೆ ಇದ್ದದ್ದು ಕೆಳಬೀದಿಯ ಕೊನೆಯಲ್ಲಿ. ನಲ್ಲಿ ನೀರು ಅಲ್ಲಿಗೆ ತಲುಪುವುದೇ ಎಲ್ಲರಿಗಿಂತ ಕೊನೆಗೆ. ಇಪ್ಪತ್ತು ನಿಮಿಷದ ನೀರು ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ. ನರ್ಸಮ್ಮನ ಎರಡೂ ಕೈಯಲ್ಲಿ ಖಾಲಿ ಬಕೆಟ್ಟು. ಒಳಗೆ ಇಬ್ಬರು ಬಾಣಂತಿಯರಿದ್ದಾರೆ, ಇನ್ನೊಬ್ಬ ಬಸುರಿಗೆ ನೋವು ಶುರುವಾಗಿದೆ, ಮೂರು ದಿನದಿಂದ ಬಟ್ಟೆಗಳೆಲ್ಲ ಹಾಗೇ ಬಿದ್ದಿವೆ ಎಂದಳು. ಆಮೇಲೆ ಬಕೆಟ್ಟು ಕೆಳಗಿಟ್ಟು, ನೀರಕ್ಕನ ಭುಜದ ಮೇಲೆ ಕೈಯಿಟ್ಟಳು.

"ಆ ಮೋಟರಿನ ಹಿಂದೆ ಓಡಾಡಿ ನಿಮಗೂ ಸಾಕಾಗಿರುತ್ತೆ ಅಕ್ಕಾ. ಮುಖ ಎಷ್ಟು ಇಳಿದುಹೋಗಿದೆ ನೋಡಿ. ಸರಿಹೋದ ತಕ್ಷಣ ಒಂದು ಮಾತು ಹೇಳಿಕಳಿಸಿ, ಸಾಕು."

ಬೈದಿದ್ದರೆ ನೀರಕ್ಕ ತಿರುಗಿ ಬೈಯುತ್ತಿದ್ದಳು. ಒಂಬತ್ತು ವರ್ಷದಲ್ಲಿ ಬೈಗುಳಕ್ಕೆ ಚರ್ಮ ದಪ್ಪವಾಗಿತ್ತು. ಆದರೆ ಇವಳು ನಂಬಿಬಿಟ್ಟಿದ್ದಳು. ನೀರಕ್ಕ ಆ ಎರಡು ಬಕೆಟ್ಟು ಎತ್ತಿಕೊಂಡು, ಏರು ಹತ್ತಿ ಟ್ಯಾಂಕಿನ ಬುಡದ ನಲ್ಲಿಯಲ್ಲಿ ತುಂಬಿಸಿ ತಂದು ಹೆರಿಗೆ ಮನೆಯ ಬಾಗಿಲಲ್ಲಿಟ್ಟಳು. ಮತ್ತೆ ಹೋದಳು, ಮತ್ತೆ ತಂದಳು. ಹಾಗೆ ಏಳು ಸಲ. ಕೊನೆಯ ಸಲ ಬರುವಾಗ ಒಳಗಿನಿಂದ ಕೂಸಿನ ಅಳು ಕೇಳಿಸಿತು. ನರ್ಸಮ್ಮ ಕೂಗಿ ಕರೆದರೂ ನೋಡಲು ಒಳಗೆ ಹೋಗುವ ಧೈರ್ಯ ಅವಳಿಗಾಗಲಿಲ್ಲ.

ಮರುದಿನ ಎರಡು ಬೀದಿಗೂ ನಲವತ್ತು ನಲವತ್ತು ನಿಮಿಷ ಬಿಟ್ಟಳು. ಬಿಸಿಲೇರುವ ಹೊತ್ತಿಗೆ ಪುರಸಭೆಯಿಂದ ಕರೆ ಬಂತು.

ಅಧ್ಯಕ್ಷರ ಕೋಣೆಯಲ್ಲಿ ಅಧ್ಯಕ್ಷರು, ಎಂಜಿನಿಯರ್, ಮೂಲೆಯ ಮೇಜಿನಲ್ಲಿ ಗುಮಾಸ್ತ. ಅಧ್ಯಕ್ಷರಿಗೆ ಸಿಟ್ಟಿಗಿಂತ ನೋವೇ ಹೆಚ್ಚಾದಂತಿತ್ತು. ಅಷ್ಟು ಜನರ ಮುಂದೆ ತೊಟ್ಟಿ ಒಣಗಿತ್ತು, ತಾನು ಕೊಟ್ಟ ಮಾತು ಹೋಯಿತು ಎಂದರು. ನಿನ್ನ ಗಂಡ ಹೋದಾಗ ಈ ಮಂದಿರ ನಿನ್ನ ಕೈಬಿಟ್ಟಿತ್ತೇ ಎಂದು ಕೇಳಿದರು. ಎಂಜಿನಿಯರ್ ಕನ್ನಡಕ ಒರೆಸುತ್ತ ಕೂತಿದ್ದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು. ಕೊನೆಗೆ ಅಧ್ಯಕ್ಷರು, ಆದದ್ದಾಯಿತು, ನಾಳೆಯಿಂದ ಹೇಳಿದ ಹಾಗೆ ಮಾಡು ಎಂದರು.

ನೀರಕ್ಕ ಕೈಯಲ್ಲಿದ್ದ ಕೋಲನ್ನು ಮುಂದಕ್ಕೆ ಊರಿದಳು.

"ಬರೆದುಕೊಡಿ ಸಾರ್."

"ಏನು ಬರೆದುಕೊಡೋದು?"

"ನಲವತ್ತು ನಿಮಿಷ ಅಂತ ಕಾಗದ ಕೊಟ್ಟಿದ್ದೀರಿ. ಅದನ್ನ ಬದಲಾಯಿಸೋದಾದ್ರೆ ಇನ್ನೊಂದು ಕಾಗದ ಕೊಡಿ. ಆವತ್ತು ನೀವು ಮಂದಿರದಲ್ಲಿ ಹೇಳಿದ್ರಿ, ನಾನು ಪೊರಕೆ ಹಿಡ್ಕೊಂಡು ಒಪ್ಪಿಕೊಂಡೆ. ತಪ್ಪು ನಂದೇ. ಅಲ್ಲಿ ನೀವು ನಮ್ಮ ಅಣ್ಣ. ತೊಟ್ಟಿಗೆ ನೀರು ಹೊತ್ತು ತಾ ಅಂದ್ರೆ ತಲೆ ಮೇಲೆ ಹೊತ್ತು ತರ್ತೀನಿ, ನಮ್ಮ ಮನೆ ಕೊಡದಿಂದಾನೇ ತರ್ತೀನಿ. ಆದ್ರೆ ಈ ಕೋಲು ನಂದಲ್ಲ ಸಾರ್, ಮಂದಿರದ್ದೂ ಅಲ್ಲ. ಇದು ಕೆಳಬೀದಿಯವರದ್ದೂ ಹೌದು."

ಅಷ್ಟು ಉದ್ದದ ಮಾತನ್ನು ಅವಳು ಆ ಕೋಣೆಯಲ್ಲಿ ಎಂದೂ ಆಡಿರಲಿಲ್ಲ. ಮುಗಿಸಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಧ್ಯಕ್ಷರ ಮುಖ ಕೆಂಪಾಯಿತು. ಬರೆಯುವುದೇನು ಮಹಾ, ಬರೆದರಾಯಿತು ಎಂದು ಗುಮಾಸ್ತನ ಕಡೆ ತಿರುಗಿ ಹೇಳಿ ಬರೆಸತೊಡಗಿದರು. ಮೇಲುಬೀದಿಗೆ ಹೆಚ್ಚುವರಿ ಇಪ್ಪತ್ತು ನಿಮಿಷ, ಕೆಳಬೀದಿಗೆ ಅಷ್ಟೇ ಕಡಿತ, ನಾಳೆಯಿಂದಲೇ ಜಾರಿ. ಗುಮಾಸ್ತ ದುಂಡಗೆ ಬರೆದುಕೊಂಡ. ಇಪ್ಪತ್ತೈದು ವರ್ಷ ಆದೇಶ ಬರೆದ ಕೈ ಅದು. ಆದೇಶಕ್ಕೆ ಏನೇನು ಬೇಕೆಂದು ಅದಕ್ಕೆ ಗೊತ್ತಿತ್ತು. ಪೆನ್ನನ್ನು ಕಾಗದದ ಮೇಲೇ ಇಟ್ಟುಕೊಂಡು ತಲೆಯೆತ್ತಿದ.

"ಕಾರಣ ಏನಂತ ಬರೀಲಿ ಸಾರ್?"

ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಅಧ್ಯಕ್ಷರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಸಾರ್ವಜನಿಕ ಹಿತ ಎಂದು ಬರೆಯಬಹುದೇನೋ ಎಂದು ಎಂಜಿನಿಯರ್ ಮೆಲ್ಲಗೆ ಗೊಣಗಿದರು. ಹಾಗಾದರೆ ಕೆಳಬೀದಿಯವರು ಸಾರ್ವಜನಿಕರಲ್ಲವೇ ಎಂದು ಆಮೇಲೆ ಯಾರಾದರೂ ಕೇಳಬಹುದು ಎಂದು ಗುಮಾಸ್ತ ಅಷ್ಟೇ ಮೆಲ್ಲಗೆ ಹೇಳಿದ. ಕೊನೆಗೆ ಅಧ್ಯಕ್ಷರು ತಿರುಗದೆಯೇ, ಹೋಗಮ್ಮ, ಹೋಗಿ ನಿನ್ನ ಕೆಲಸ ನೋಡಿಕೋ ಎಂದರು. ಅರ್ಧ ಬರೆದ ಕಾಗದವನ್ನು ಗುಮಾಸ್ತ ನಾಲ್ಕಾಗಿ ಮಡಚಿ ಬುಟ್ಟಿಗೆ ಹಾಕಿದ.

ಕೆಲಸಕ್ಕೆ ಕುತ್ತು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆ. ಮಾರನೇ ಬೆಳಿಗ್ಗೆ ಮಂದಿರಕ್ಕೆ ಹೋದಾಗ ಅಂಗಳ ಆಗಲೇ ಗುಡಿಸಿತ್ತು. ಸಮಿತಿಯವರೊಬ್ಬರು ಬಂದು, ನಿನಗೂ ವಯಸ್ಸಾಯಿತು, ನೀರಿನ ಕೆಲಸವೇ ಸಾಕಷ್ಟಿದೆ, ಇನ್ನು ಈ ಸೇವೆ ಬೇರೆಯವರು ನೋಡಿಕೊಳ್ಳುತ್ತಾರೆ ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಜಗಳವಾಡಲೂ ಆಗಲಿಲ್ಲ. ಪ್ರಾರ್ಥನೆಗೆ ಕೂತರೆ ಪಕ್ಕದ ಹೆಂಗಸರು ಸೆರಗು ಎಳೆದುಕೊಂಡು ಸರಿದು ಕೂತರು. ನಾದಿನಿ ಮಾತು ಬಿಟ್ಟಳು. ಗೋಡೆಯಾಚೆ ಪಾತ್ರೆ ಕುಕ್ಕುವ ಸದ್ದಿನಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದಳು. ದೇವರ ನೀರಿಗೆ ಅಡ್ಡ ನಿಂತವಳು ಎಂಬ ಮಾತು ಬೀದಿಯ ಆ ತುದಿಯಿಂದ ಈ ತುದಿಗೆ ಬಂತು. ನೀರಕ್ಕನಿಗೆ ಅನ್ನ ಸೇರದಾಯಿತು.

ಐದು ದಿನ ತಡೆದಳು. ಆರನೇ ದಿನ ಗುರುಗಳ ಕೋಣೆಗೆ ಹೋಗಿ ಬಾಗಿಲಲ್ಲೇ ಕೂತಳು. ಗುರುಗಳಿಗೆ ಎಂಬತ್ತು ದಾಟಿತ್ತು, ಕಿವಿ ಮಂದ. ಊರಿನ ಸುದ್ದಿ ಅವರವರೆಗೆ ಹೋಗುವಷ್ಟರಲ್ಲಿ ಹಳತಾಗಿರುತ್ತಿತ್ತು. ಅವಳು ಎಲ್ಲವನ್ನೂ ದೊಡ್ಡ ದನಿಯಲ್ಲಿ ಹೇಳಬೇಕಾಯಿತು. ತನ್ನ ಪಾಪವನ್ನು ಕಿರುಚಿ ಹೇಳುವ ಪಾಡು ತನಗೆ ಬಂತಲ್ಲ ಎಂದು ಮಧ್ಯೆ ಅವಳಿಗೆ ನಗುವೂ ಬಂತು, ಅಳುವೂ ಬಂತು.

ಗುರುಗಳು ಪೂರ್ತಿ ಕೇಳಿಸಿಕೊಂಡು, ತಮ್ಮ ಪಾದಗಳನ್ನೇ ನೋಡುತ್ತ ಕೂತರು.

"ಹಾಗಾದ್ರೆ ಆ ಮೂರು ದಿನ ನಾನು ಕಾಲು ತೊಳೆದಿದ್ದು ಬಾಣಂತಿಯರ ನೀರಿನಲ್ಲಾ?"

"ಹೌದು ಗುರುಗಳೇ. ಬಿಟ್ಟವಳು ನಾನೇ."

"ನನಗೆ ಯಾರೂ ಹೇಳಲಿಲ್ಲ ನೋಡಮ್ಮ. ಕೇಳಬೇಕು ಅಂತ ನನಗೂ ಹೊಳೀಲಿಲ್ಲ. ತೊಟ್ಟಿ ತುಂಬಿತ್ತು, ತೊಳೆದೆ."

ಅವಳನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಹಿಂದಿನಂತೆಯೇ ಸುಮ್ಮನೆ ಜೊತೆಗೆ ಕೂತಿದ್ದರು. ಮರುದಿನ ಪ್ರಾರ್ಥನೆಗೆ ಮೊದಲು ಎದ್ದು ನಿಂತು ಒಂದೇ ಮಾತು ಹೇಳಿದರು: ಮಳೆ ಬರುವ ತನಕ ಎಲ್ಲರೂ ಮನೆಯಲ್ಲೇ ಕಾಲು ತೊಳೆದು ಬನ್ನಿ, ಧೂಳಾದರೂ ಪರವಾಗಿಲ್ಲ, ದೇವರು ಧೂಳನ್ನು ಕಂಡವನೇ. ಯಾರ ಹೆಸರನ್ನೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರು ತಲೆ ತಗ್ಗಿಸಿಕೊಂಡಿದ್ದರು. ಪ್ರಾರ್ಥನೆಗೆಂದೋ ಬೇರೆ ಕಾರಣಕ್ಕೋ ಹೇಳುವುದು ಕಷ್ಟ. ತೊಟ್ಟಿ ಒಣಗಿತು. ಜನ ಬರುವುದೇನೂ ಕಡಿಮೆಯಾಗಲಿಲ್ಲ. ಒಂದು ತಿಂಗಳಿಗೆ ಮಳೆ ಬಂತು, ಪ್ರತಿ ವರ್ಷ ಬರುವುದಕ್ಕಿಂತ ತುಸು ತಡವಾಗಿ.

ಇಷ್ಟಕ್ಕೇ ನಿಂತಿದ್ದರೆ ಕೆಳಬೀದಿಯವರ ಪಾಲಿಗಾದರೂ ನೀರಕ್ಕ ದೊಡ್ಡ ಮನುಷ್ಯಳಾಗಿ ಉಳಿಯುತ್ತಿದ್ದಳು. ಅಲ್ಲಿಯವರಿಗೆ ಕಚೇರಿಯ ಸುದ್ದಿ ಅರ್ಧಂಬರ್ಧ ಮುಟ್ಟಿತ್ತು. ನಮಗಾಗಿ ಅಧ್ಯಕ್ಷರನ್ನೇ ಎದುರು ಹಾಕಿಕೊಂಡಳು ಎಂದು ಅವಳು ಹೋದಲ್ಲೆಲ್ಲ ಉಪಚಾರ ಮಾಡುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಅವರ ಚಿಕ್ಕ ಮಂದಿರಕ್ಕೆ ದೂರದೂರಿನ ಗುರುಗಳೊಬ್ಬರು ಬರುವವರಿದ್ದರು. ನಾಲ್ವರು ಹಿರಿಯರು, ಜೊತೆಗೆ ಅದೇ ಮತದ ನರ್ಸಮ್ಮ, ನೀರಕ್ಕನ ಮನೆಗೆ ಬಂದು ಆವತ್ತೊಂದು ದಿನ ಅರ್ಧ ಗಂಟೆ ಹೆಚ್ಚಿಗೆ ನೀರು ಬಿಡಬೇಕೆಂದು ಕೇಳಿಕೊಂಡರು. ಪುರಸಭೆಯಿಂದ ಬರೆಸಿಕೊಂಡು ಬನ್ನಿ ಎಂದಳು ನೀರಕ್ಕ. ಅಲ್ಲಿ ನಮಗೆ ಯಾರು ಬರೆದುಕೊಡುತ್ತಾರೆ ಎಂದರು ಅವರು. ಹಾಗಾದರೆ ನಾನೂ ಬಿಡಲಾರೆ ಎಂದಳು. ಹಿರಿಯರ ಮುಖ ಗಂಟಾಯಿತು.

"ನಮ್ಮ ಪರ ನಿಂತವಳು ನೀನು ಅಂದ್ಕೊಂಡಿದ್ವಿ."

"ನಿಮ್ಮ ಪರ ನಾನು ನಿಲ್ಲಲಿಲ್ಲ ಅಣ್ಣಾ," ಎಂದಳು ನೀರಕ್ಕ. ಮಾತು ನರ್ಸಮ್ಮನ ಕಡೆ ತಿರುಗಿತು. "ಹೋದ ವರ್ಷ ಮೋಟರು ಕೆಟ್ಟಿರಲೇ ಇಲ್ಲ. ಮೂರು ದಿನ ನಿಮ್ಮ ನೀರು ತೆಗೆದು ನಮ್ಮ ಮಂದಿರಕ್ಕೆ ಬಿಟ್ಟಿದ್ದು ನಾನೇ. ನಿಮ್ಮ ಮುಖ ನೋಡಿ ಸುಳ್ಳು ಹೇಳಿದ್ದೂ ನಾನೇ."

ಐವರೂ ಎದ್ದು ಹೋದರು. ಅಲ್ಲಿಗೆ ಎರಡು ಬೀದಿಗೂ ನೀರಕ್ಕನ ಮೇಲೆ ಸರಿಸಮನಾದ ಸಿಟ್ಟು. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ನಾದಿನಿ ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಯಾರಿಗೂ ಒಳ್ಳೆಯವಳಾಗುವ ಯೋಗ ನಿನಗಿಲ್ಲ ಬಿಡು ಅತ್ತಿಗೆ ಎಂದಳು. ಬೈಗುಳವೇ ಆದರೂ ನೀರಕ್ಕನಿಗೆ ಆ ದನಿ ಕೇಳಿ ಎದೆ ಹಗುರವಾಯಿತು. ಸುಮಾರು ಎರಡು ತಿಂಗಳು ನರ್ಸಮ್ಮ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಗುಂಡಿಯ ಪಕ್ಕ ಬಂದು ನಿಂತು, ನೀರು ಹೊತ್ತು ತಂದ ಆ ದಿನ ಹುಟ್ಟಿದ ಹುಡುಗಿ ಈಗ ಬಾಗಿಲು ಹಿಡಿದು ನಿಲ್ಲುತ್ತಾಳೆ ಎಂದಷ್ಟೇ ಹೇಳಿ ಹೋದಳು.

ಆ ವರ್ಷದ ಸಭೆಯಲ್ಲಿ ಎಂಜಿನಿಯರ್ ಒಂದು ಪ್ರಸ್ತಾವ ಇಟ್ಟರು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಬೀದಿಯ ಬಾಯಲ್ಲೇ ಹಲಗೆಯ ಮೇಲೆ ಬರೆಸುವುದು. ಬದಲಾವಣೆಯಾದರೆ ಕಾರಣವನ್ನೂ ಬರೆಯುವುದು. ಅಧ್ಯಕ್ಷರು ಚಕಾರ ಎತ್ತದೆ ಸಹಿ ಹಾಕಿದರು. ಅದಾಗಿ ಕೆಲವು ಕಾಲಕ್ಕೆ ಮಂದಿರದಲ್ಲಿ ಗುಡಿಸುತ್ತಿದ್ದಾಕೆ ಮಗಳ ಮನೆಗೆ ಹೋದಳು. ಪೊರಕೆ ನಾಲ್ಕು ದಿನ ಗೋಡೆಗೆ ಒರಗಿಯೇ ಇತ್ತು. ಐದನೇ ದಿನ ನೀರಕ್ಕ ಯಾರನ್ನೂ ಕೇಳದೆ ಎತ್ತಿಕೊಂಡು ಗುಡಿಸಿದಳು. ಯಾರೂ ಬೇಡ ಎನ್ನಲಿಲ್ಲ.

ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರು ಸೋತರು. ಸೋತದ್ದಕ್ಕೂ ನೀರಿಗೂ ಸಂಬಂಧವಿರಲಿಲ್ಲ. ಹಾಳಾದ ರಸ್ತೆಗಳೇ ಸಾಕಾಗಿದ್ದವು. ಮಂದಿರದ ಹಿರಿತನ ಮಾತ್ರ ಉಳಿಯಿತು. ವೈದ್ಯರು ದಿನಾ ನಡೆಯಲು ಹೇಳಿದ್ದರಿಂದ ಬೆಳಿಗ್ಗೆ ಕೋಲೂರಿಕೊಂಡು ಬೀದಿಯಲ್ಲಿ ಅಡ್ಡಾಡುತ್ತಿದ್ದರು. ನೀರಕ್ಕನ ನಿವೃತ್ತಿಗೆ ಇನ್ನೇನು ಆರು ತಿಂಗಳಿತ್ತು. ಒಂದು ದಿನ ಅವಳು ಮೇಲುಬೀದಿಯ ಗುಂಡಿಯಲ್ಲಿ ಬಾಗಿ ನಿಂತಿದ್ದಾಗ ಅವರು ಬಂದು ಪಕ್ಕದ ಕಟ್ಟೆಯ ಮೇಲೆ ಕೂತರು. ಮೊಣಕಾಲು ನೋವಿನ ಮಾತಾಯಿತು, ಸೊಸೆಯಂದಿರ ಮಾತಾಯಿತು. ಎಲ್ಲ ಮುಗಿದ ಮೇಲೆ ಅವರು, ಬಹಳ ದಿನದಿಂದ ಒಂದು ಮಾತು ಕೇಳಬೇಕೆಂದಿದ್ದೆ ಎಂದರು.

"ಆವತ್ತು ನಾನು ಏನೋ ಒಂದು ಕಾರಣ ಹೇಳಿ ಬರೆಸಿಕೊಟ್ಟೇಬಿಟ್ಟಿದ್ರೆ ಏನು ಮಾಡ್ತಿದ್ದೆ?"

ನೀರಕ್ಕ ಕೋಲಿಗೆ ಒರಗಿ ನಿಂತು ಯೋಚಿಸಿದಳು. ಕೆಳಗೆ ಕೊಳವೆಯಲ್ಲಿ ನೀರು ಸರಸರ ಹರಿಯುತ್ತಿತ್ತು.

"ಗೊತ್ತಿಲ್ಲ ಅಣ್ಣಾ. ಬಿಡ್ತಿದ್ದೆನೋ ಏನೋ. ಕಾಗದ ಅಂದ ಮೇಲೆ ಕಾಗದ," ಎಂದಳು. "ದೇವರು ದೊಡ್ಡವನು, ನೀವು ಬರೆಸಲಿಲ್ಲ."

ಅಧ್ಯಕ್ಷರು ನಕ್ಕರು. ಏಳಲು ಕಷ್ಟಪಡುತ್ತಿದ್ದವರಿಗೆ ಅವಳು ಕೈ ಕೊಟ್ಟಳು.